ಬಾರದ ಮಳೆಯ ಮುಯ್ಯಿ

ಪಾವಗಡದ ಕಡೆಯ ಸೋಲಾರ್ ಪಾರ್ಕಿನ ಮೇಲೆ ಎಷ್ಟು ಹೊತ್ತಿಗೆ ಮೋಡ ಕವಿಯುತ್ತದೆಂದು ದೂರದ ನಗರದಲ್ಲಿ ಕೂತು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಪುರವರದ ಹತ್ತಿರ ಒಬ್ಬಳೇ ಬೇಸಾಯ ಮಾಡಿಸುವ ಅಕ್ಕನ ಫೋನಿಗೂ ಆ ಸೀಮೆಯ ಮಳೆ-ಮೋಡದ ನಕ್ಷೆ ಬರುವಂತೆ ಮಾಡಿಕೊಟ್ಟೆ. ಅಂದಿನಿಂದ ನನ್ನ ನೆಮ್ಮದಿ ಹಾಳಾಯಿತು.

ಉಪಗ್ರಹ ಒಂದು ಹೇಳುತ್ತದೆ, ಹವಾಮಾನ ಅಳೆಯಲು ಹಾರಿಬಿಟ್ಟ ಬಲೂನು ಇನ್ನೊಂದು. ಒಂದಕ್ಕೊಂದು ಹೊಂದದ ಗಾಳಿ, ಒತ್ತಡಗಳನ್ನೆಲ್ಲ ತುರುಕಿ ಲೆಕ್ಕ ಶುರು ಮಾಡಿದರೆ ಕಂಪ್ಯೂಟರಿನೊಳಗಿನ ವಾತಾವರಣ, ಆಗಷ್ಟೇ ಇಳಿಸಿದ ಕೊಡದ ನೀರಿನಂತೆ ತುಳುಕುತ್ತದೆ. ಅದನ್ನು ಗುರುತ್ವ ಅಲೆಗಳ ಗದ್ದಲ ಎನ್ನುತ್ತೇವೆ. ಎಷ್ಟು ಸೋಸಿದರೂ ಒಂದಿಷ್ಟು ಉಳಿದು, ಮೊದಲ ಕೆಲವು ಗಂಟೆಗಳ ನಕ್ಷೆಯಲ್ಲಿ ಇಲ್ಲದ ಮಳೆ ನೀಲಿಯಾಗಿ ಕಾಣುತ್ತದೆ. ಅದನ್ನು ಬಿಟ್ಟು ಆಮೇಲಿನದನ್ನು ನೋಡು ಎಂದು ಅಕ್ಕನಿಗೆ ಬಡಕೊಂಡೆ.

ಅಕ್ಕ ಕೇಳಬೇಕಲ್ಲ! "ಈಗಿಂದೇ ಸುಳ್ಳು, ಸಂಜೆದು ನಿಜಾನಾ? ಅದೆಂಗ್ಲಾ?"

ಕಡಲೆಕಾಯಿ ಗಿಡ ಕಿತ್ತು ಹೊಲದಲ್ಲೇ ಒಣಗಲು ಹಾಕಿದ್ದ ಹೊತ್ತಿಗೇ ಪುರವರದ ಮೇಲೆ ನೀಲಿ ಕಂಡಿತು. ಅಕ್ಕ ನನ್ನನ್ನು ಒಂದು ಮಾತು ಕೇಳದೆ ಅಕ್ಕಪಕ್ಕದವರನ್ನು ಮುಯ್ಯಾಳಿಗೆ ಕರೆದಳು. ಇವತ್ತು ನಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನಾವು. ನಮ್ಮಲ್ಲಿ ಕೆಲಸ ಸಾಗುವುದೇ ಹಾಗೆ. ತಮ್ಮ ಹೊಲದಲ್ಲಿ ಗಿಡ ಕೀಳುವುದನ್ನು ಬಿಟ್ಟು ಓಡಿಬಂದವರು ಗಿಡ ಒಟ್ಟಿ ಟಾರ್ಪಾಲು ಹೊದಿಸಿದರು. ಒಂದು ಹನಿ ಬೀಳಲಿಲ್ಲ. ಒಟ್ಟಿದ್ದು ಬೂಷ್ಟು ಹಿಡಿದೀತೆಂದು ಮಾರನೆಯ ದಿನ ಅಕ್ಕ ಒಬ್ಬಳೇ ಎಲ್ಲವನ್ನೂ ಮತ್ತೆ ಹರವಿದಳು.

ಅದರ ಮರುದಿನ ಬೆಳಗಿನ ಲೆಕ್ಕದಲ್ಲಿ, ಗದ್ದಲ ಅಡಗಿದ ಮೇಲಿನ ಗಂಟೆಗಳಲ್ಲಿ, ನಿಜವಾದ ಮಳೆಯೇ ಕಂಡಿತು. ಫೋನು ಮಾಡಿದೆ.

"ನಾನೂ ನೋಡ್ದೆ ಕಣ್ಲಾ. ಸಂಜೆಗೆ ಬತ್ತದೆ."

"ಮತ್ತೆ ಕೂತಿದ್ದೀಯಲ್ಲಕ್ಕ! ಕರಿ ಅವರನ್ನ!"

"ಯಾವ ಮುಖ ಇಟ್ಕಂಡು ಕರೀಲಿ? ಅವತ್ತು ಸುಮ್ಕೆ ಓಡಿಸ್ಬುಟ್ಟೆ. ಆ ಮುಯ್ಯೇ ತೀರ್ಸಿಲ್ಲ."

ಮುಖ ಮುಖ್ಯವೋ ಕಾಯಿ ಮುಖ್ಯವೋ ಎಂದು ಕೂಗಾಡಿದೆ. ಅವಳು ಫೋನು ಇಟ್ಟಳು. ಸಿಟ್ಟಿನಲ್ಲೇ ಹೊರಟು, ಕೊರಟಗೆರೆಯಲ್ಲಿ ಬಸ್ಸು ಬದಲಿಸಿ ಹೊಲ ತಲುಪುವಷ್ಟರಲ್ಲಿ ಮಳೆ ಜಡಿಯುತ್ತಿತ್ತು. ಅರ್ಧದಷ್ಟು ಗಿಡವನ್ನು ಅಕ್ಕ ಒಬ್ಬಳೇ ಒಟ್ಟಿದ್ದಳು. ಬಿತ್ತನೆಗೆಂದು ಬೇರೆಯಾಗಿ ಹಾಕಿದ್ದ ಗಿಡಗಳೂ ಸೇರಿ ಮಿಕ್ಕಿದ್ದೆಲ್ಲ ಕೆಸರಾಗಿತ್ತು. ನನಗೆ ಅಳು ಬಂತು.

ಬೆಳಿಗ್ಗೆ ಎದ್ದರೆ ಅಕ್ಕ ಮನೆಯಲ್ಲಿಲ್ಲ. ಹುಡುಕಿಕೊಂಡು ಹೋದೆ. ಪಕ್ಕದವರ ಹೊಲದಲ್ಲಿ ಬಗ್ಗಿ, ಅವರ ನೆನೆದ ಗಿಡಗಳನ್ನು ತಿರುವಿ ಹಾಕುತ್ತಿದ್ದಳು, ಬಾರದ ಮಳೆಗೆ ಓಡಿಬಂದವರ ಮುಯ್ಯಿ ತೀರಿಸಲು. ನಮ್ಮವು ಇನ್ನೂ ಕೆಸರಿನಲ್ಲೇ ಬಿದ್ದಿದ್ದವು.