ಯಾರೂ ಮುಟ್ಟದ ದುಡ್ಡು

ನನಗಾಗ ಅರವತ್ತಾರು. ಆರು ವರ್ಷದ ಹಿಂದಿನ ಮಾತು. ನಮ್ಮ ಮನೆ ಮಂದಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ದುಡ್ಡಿತ್ತು. ಅಂಥ ಮನೆಯಲ್ಲಿ ಒಂದು ಸಂಜೆ, ಹನ್ನೊಂದು ವರ್ಷದ ಹುಡುಗಿ ಹೊಲದಲ್ಲಿ ಆಯ್ದ ಮೆಕ್ಕೆಜೋಳ ಮಾರಿ ತಂದ ದುಡ್ಡಿನಲ್ಲಿ ಬೇಳೆ ತಂದು, ಸಾರು ಮಾಡಿ, ನಾವೆಲ್ಲ ಕೂತು ಉಂಡೆವು. ನಾನೂ ಉಂಡೆ. ಸಾರು ಚೆನ್ನಾಗಿತ್ತು.

ಇದನ್ನು ಈಗ ಯಾಕೆ ತೆಗೆದೆ? ಹೋದ ವಾರ ಹೊನ್ನಾಳಿಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದಳು. ಈ ಕಾಲಂ ತಪ್ಪದೆ ಓದುತ್ತಾಳಂತೆ. ಅವಳ ಮಗನಿಗೆ ಹತ್ತು ವರ್ಷ, ಕಂಡದ್ದೆಲ್ಲ ಬೇಕು ಅನ್ನುತ್ತಾನಂತೆ. ಮಕ್ಕಳಿಗೆ ದುಡ್ಡಿನ ಬೆಲೆ ಕಲಿಸುವುದು ಹೆಂಗೆ ಅಂತ ಒಂದು ವಾರ ಬರೆಯಿರಿ ಅಜ್ಜಿ ಎಂದಳು. ಪಿಗ್ಗಿ ಬ್ಯಾಂಕ್ ಕೂಡ ತಂದುಕೊಟ್ಟಿದ್ದಾಳಂತೆ. (ಹಂದಿಯ ಹೊಟ್ಟೆಯಲ್ಲಿ ದುಡ್ಡಿಡಬೇಕು ಎಂದು ಮೊದಲು ಯಾರಿಗೆ ಹೊಳೆಯಿತೋ.)

ನಾನು ಓದಿದವಳಲ್ಲ. ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತವಳು. ತಪ್ಪುತಪ್ಪಾಗಿ ಬರೆದು ಕಳಿಸುತ್ತೇನೆ, ಪೇಪರಿನವರು ತಿದ್ದಿ ಹಾಕುತ್ತಾರೆ. ಟಿಪ್ಸ್ ಕೇಳಿದರೆ ನನ್ನ ಹತ್ತಿರ ಇಲ್ಲ. ನಡೆದದ್ದು ಇದೆ.

ನನ್ನ ಮಗ ನಾಗರಾಜ ಮೆಕ್ಕೆಜೋಳ ಒಕ್ಕುವ ಮಷಿನ್ನಿನ ಡ್ರೈವರ್. ಸುಗ್ಗಿ ಬಂತೆಂದರೆ ಟ್ರ್ಯಾಕ್ಟರಿನ ಹಿಂದೆ ಮಷಿನ್ ಕಟ್ಟಿಕೊಂಡು ಜಗಳೂರು ಕಡೆಯಿಂದ ನ್ಯಾಮತಿವರೆಗೆ ಊರೂರು ತಿರುಗುತ್ತಿದ್ದ. ಮನೆಗೆ ಬಂದರೆ ಹುಬ್ಬಿನಲ್ಲೂ ಹೊಟ್ಟು. ಬಂದವನೇ ಜೇಬಿನಿಂದ ದುಡ್ಡು ತೆಗೆದು ನನ್ನ ಕೈಗೆ ಕೊಡುತ್ತಿದ್ದ. ನಾನು ಅದರಲ್ಲಿ ಅರ್ಧ ಸೊಸೆ ಮಂಜುಳಳ ಕೈಗೆ ಕೊಡುತ್ತಿದ್ದೆ. ಎಣಿಸಿ ಕೊಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಒಂದು ಸಾಯಂಕಾಲ ನ್ಯಾಮತಿ ಹತ್ತಿರ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಲಾರಿಗೆ ಸಿಕ್ಕ. ಅಷ್ಟೇ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವನ ಮಗಳು ಸಿಂಚನಳಿಗೆ ಆಗ ಏಳು ವರ್ಷ. ಮಗ ಮನು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ.

ಕೋರ್ಟಿನಲ್ಲಿ ಪರಿಹಾರದ ಕೇಸು ವರ್ಷಗಟ್ಟಲೆ ನಡೆಯಿತು. ನಿಮ್ಮ ಮಗ ತಿಂಗಳಿಗೆ ಎಷ್ಟು ದುಡಿಯುತ್ತಿದ್ದ ಎಂದು ವಕೀಲರು ಕೇಳಿದರು. ನನಗೆ ಗೊತ್ತಿರಲಿಲ್ಲ. ಮಂಜುಳಳಿಗೂ ಗೊತ್ತಿರಲಿಲ್ಲ. ಸಂಬಳದ ಸ್ಲಿಪ್ ಇದೆಯಾ ಎಂದರು. ಮಷಿನ್ ಡ್ರೈವರಿಗೆ ಯಾರು ಸ್ಲಿಪ್ ಕೊಡುತ್ತಾರೆ? ಕೊನೆಗೆ ಅವರವರೇ ಒಂದು ಅಂದಾಜು ಹಾಕಿಕೊಂಡರು. ಆ ಅಂದಾಜಿನಲ್ಲೂ ನಾಲ್ಕರಲ್ಲೊಂದು ಪಾಲು ಕಳೆದರು. ಅದು ಯಾಕೆ ಎಂದೆ. ಬದುಕಿದ್ದಿದ್ದರೆ ಅಷ್ಟು ಅವನ ಸ್ವಂತ ಖರ್ಚಿಗೆ ಹೋಗುತ್ತಿತ್ತಲ್ಲಮ್ಮ, ಅದು ನಿಮಗೆ ಬರುವ ಲೆಕ್ಕವಲ್ಲ ಎಂದರು.

ಅಂದರೆ ಸತ್ತವನ ಊಟ, ಬೀಡಿ, ಕ್ಷೌರ ಎಲ್ಲ ಹಿಡಿದು ಕಳೆದಿದ್ದರು. ನನ್ನ ಮಗ ಅಷ್ಟು ಖರ್ಚಿನವನಲ್ಲ ಎಂದು ಹೇಳಬೇಕೆನ್ನಿಸಿತು. ಅಲ್ಲಿ ಅದನ್ನು ಯಾರಿಗೆ ಹೇಳುವುದು?

ದುಡ್ಡು ಬಂತು. ಹೆಂಡತಿ ಎಂದು ಮಂಜುಳಳಿಗೆ ಒಂದು ಪಾಲು, ಹೆತ್ತವಳು ಎಂದು ನನಗೆ ಒಂದು ಪಾಲು. ಮಕ್ಕಳಿಬ್ಬರ ಪಾಲನ್ನು ಅವರಿಗೆ ಹದಿನೆಂಟು ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಎಫ್.ಡಿ. ಮಾಡಿಸಿದರು. ತ್ಯಾವಣಿಗೆಯ ಬ್ಯಾಂಕಿನಲ್ಲಿ ನಾನು ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದೆ. ಅಲ್ಲಿ ಕೂತಿದ್ದ ಹುಡುಗ ಭೇಷ್ ಅಜ್ಜಿ ಎಂದ. ಎಂಥ ಜಾಗದಲ್ಲಿ ಎಂಥ ಭೇಷ್!

ದುಡ್ಡಿನ ಹಿಂದೆಯೇ ಬುದ್ಧಿ ಹೇಳುವವರೂ ಬಂದರು. ಚನ್ನಗಿರಿಯಲ್ಲಿ ಸೈಟ್ ತೆಗೆದುಕೊಳ್ಳಿ ಎಂದ ಒಬ್ಬ. ಬಂಗಾರಕ್ಕೆ ಹಾಕಿ ಎಂದಳು ಒಬ್ಬಳು. ಮೂರು ವರ್ಷದಲ್ಲಿ ಡಬಲ್ ಮಾಡಿಕೊಡುತ್ತೇನೆ ಎಂದ ಇನ್ನೊಬ್ಬ, ನಾಗರಾಜನ ತಿಥಿಗೆ ಬಾರದಿದ್ದವನು. ಚಹಾ ಕುಡಿಸಿ ಕಳಿಸಿದೆ. ಅಷ್ಟು ಬುದ್ಧಿ ನನಗಿತ್ತು.

ಪಾಸ್‌ಬುಕ್ಕುಗಳನ್ನು ಮಂಜುಳ ನಾಗರಾಜನ ಫೋಟೋದ ಕೆಳಗಿನ ಗೂಡಿನಲ್ಲಿ ಇಟ್ಟಳು. ಸೋಮವಾರ ಸೋಮವಾರ ಫೋಟೋಕ್ಕೆ ಹೂವು, ಪಾಸ್‌ಬುಕ್ಕಿಗೂ ಹೂವು. ಊದಿನಕಡ್ಡಿಯ ಬೂದಿ ಅವುಗಳ ಮೇಲೆ ಬೀಳುತ್ತಿತ್ತು. ನಾನು ಒರೆಸುತ್ತಿದ್ದೆ. ಒರೆಸಿ ಅಲ್ಲೇ ಇಡುತ್ತಿದ್ದೆ.

ಮುಟ್ಟಬೇಡಿ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಆದರೂ ಯಾರೂ ಮುಟ್ಟಲಿಲ್ಲ.

ಹೆಂಗೆ ಮುಟ್ಟುವುದು, ನೀವೇ ಹೇಳಿ. ನೆಂಟರೊಬ್ಬರ ಮದುವೆಗೆ ಮಂಜುಳ ಹೊಸ ಸೀರೆ ಉಟ್ಟಳು. ತವರಿನಲ್ಲಿ ಅವಳ ಅಣ್ಣ ಕೊಡಿಸಿದ್ದು. ಊಟದ ಪಂಕ್ತಿಯಲ್ಲಿ ಪಕ್ಕದವಳು ಸೆರಗು ಹಿಡಿದು ನೋಡಿದಳು. "ನಾಗರಾಜನ ದುಡ್ಡು ಬಂತು ಅಂತ ಕಾಣ್ತೈತೆ. ಸೀರೆ ಚೆನ್ನಾಗೈತೆ ಬಿಡು," ಎಂದಳು. ಬೈಗುಳವಲ್ಲ, ನಗುತ್ತ ಆಡಿದ ಮಾತು. ಮಂಜುಳ ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಆ ಸೀರೆ ಟ್ರಂಕಿಗೆ ಹೋದದ್ದು ಮತ್ತೆ ಹೊರಗೆ ಬರಲಿಲ್ಲ.

ಆಮೇಲೆ ನಮ್ಮದು ಊರಿನ ಬಡವರಿಗಿಂತ ಬಡ ಮನೆಯಾಯಿತು. ಹೆಂಚು ಒಡೆದು ಸೋರಿತು, ಬದಲಾಯಿಸಲಿಲ್ಲ. ಮಂಜುಳ ಅಡಿಕೆ ಸುಲಿಯಲು ಕೆರೆಬಿಳಚಿ ಕಡೆ ಹೋಗುತ್ತಿದ್ದವಳು ಈಗ ಮೊದಲಿಗಿಂತ ಹೆಚ್ಚು ಹೊತ್ತು ಕೂತು ಸುಲಿದು ಬರುತ್ತಿದ್ದಳು. ನನ್ನ ಕನ್ನಡಕದ ಒಂದು ಗಾಜು ಬಿದ್ದು ಹೋಗಿತ್ತು. ಇನ್ನೊಂದು ಇದೆಯಲ್ಲ ಎಂದು ಒಂದೇ ಕಣ್ಣಿನಲ್ಲಿ ನೋಡಿಕೊಂಡಿದ್ದೆ.

ಮನೆಗೆ ಹೊಸದೇನು ಬಂದರೂ ಜನ ಕೇಳುತ್ತಾರೆ, ಯಾವ ದುಡ್ಡು? ಸತ್ತವನ ದುಡ್ಡಿನಲ್ಲಿ ಮೆರೆಯುವವರು ಎನ್ನಿಸಿಕೊಳ್ಳುವುದಕ್ಕಿಂತ ಸೋರುವ ಸೂರೇ ವಾಸಿ ಎಂದುಕೊಂಡೆವು. ಇದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡೆವು.

ಇದನ್ನೆಲ್ಲ ಒಂದು ಹುಡುಗಿ ನೋಡುತ್ತಿದ್ದಳು. ನಮಗೆ ಅದರ ಕಡೆ ಗ್ಯಾನವೇ ಇರಲಿಲ್ಲ.

ಆ ವರ್ಷ ಮೆಕ್ಕೆಜೋಳ ಕಟಾವು ಮುಗಿದ ಮೇಲೆ ಸಿಂಚನ ಹಕ್ಕಲು ಆಯಲು ಹೊರಟಳು. (ಪೇಟೆಯ ಓದುಗರಿಗೆ: ಕಟಾವಾದ ಹೊಲದಲ್ಲಿ ಬಿದ್ದು ಉಳಿದ ತೆನೆ, ಕಾಳಿಗೆ ಹಕ್ಕಲು ಎನ್ನುತ್ತಾರೆ. ಅದು ಆಯ್ದವರದ್ದು. ಹೊಲದವರು ಬೇಡ ಎನ್ನುವುದಿಲ್ಲ.) ನಾವೂ ಚಿಕ್ಕವರಿದ್ದಾಗ ಆಯ್ದವರೇ. ಅಂಗಡಿಗೆ ಹಾಕಿ, ಬಂದ ಕಾಸಿಗೆ ಬಳೆ, ರಿಬ್ಬನ್ನು, ಬೆಂಡು ಬತ್ತಾಸು. ಮಕ್ಕಳ ಹಕ್ಕಲಿನ ಕಾಸನ್ನು ದೊಡ್ಡವರು ಕೇಳುವಂತಿರಲಿಲ್ಲ. ನಾವು ದುಡ್ಡು ಕಲಿತದ್ದೇ ಹಂಗೆ. ಬಿಸಿಲಲ್ಲಿ ಆಯಬೇಕು, ಹೊರಬೇಕು, ತೂಕದಲ್ಲಿ ಮೋಸವಾದರೆ ಜಗಳವಾಡಬೇಕು, ಬಂದದ್ದನ್ನು ಒಂದೇ ದಿನದಲ್ಲಿ ತಿಂದು ಮುಗಿಸಿ ಮರುದಿನ ಅಳಬೇಕು. ಹಂದಿ ಗಿಂದಿ ಇರಲಿಲ್ಲ.

ಸಿಂಚನ ಮಾತ್ರ ಬಳೆ ತರಲಿಲ್ಲ. ಮನೆ ಖರ್ಚಿಗೆ ಎಂದು ತಾಯಿಯ ಕೈಗೆ ದುಡ್ಡು ಕೊಟ್ಟಳು. ಮಂಜುಳ ಇಸಿದುಕೊಂಡಳು. ಬೇಳೆ ತಂದಳು. ಮುಂದಿನ ವಾರ ಎಣ್ಣೆ, ಸೋಪು. ಜೋಳ ಕೊಳ್ಳುವ ಅಂಗಡಿಯವನು ಅವಳನ್ನು ಕಂಡರೆ, ಬಾರವ್ವ ಸಾವ್ಕಾರ್ತಿ, ಇವತ್ತು ಎಷ್ಟು ಚೀಲ ಎಂದು ನಗೆಯಾಡುತ್ತಿದ್ದನಂತೆ. ಊರೆಲ್ಲ ಹೊಗಳಿತು. ಈ ವಯಸ್ಸಿಗೇ ಎಂಥ ಜವಾಬ್ದಾರಿ, ಗಂಡುಮಗನ ಹಂಗೆ ನಿಂತಳು ನೋಡಿ ಎಂದರು. ನನಗೂ ಎದೆ ಉಬ್ಬಿತು. ಯಾರಿಗೆ ಉಬ್ಬುವುದಿಲ್ಲ?

ಒಂದು ಮಧ್ಯಾಹ್ನ ಅವಳ ಟೀಚರ್ ಬಾಗಿಲಿಗೆ ಬಂದರು. ಸಿಂಚನಳಿಗೆ ಜ್ವರ ಹೆಂಗಿದೆ ಎಂದು ಕೇಳಿದರು.

ಯಾವ ಜ್ವರ?

ಹುಡುಗಿ ಎರಡು ವಾರದಿಂದ ಶಾಲೆಗೇ ಹೋಗಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಆಯುತ್ತಾಳೆ ಎಂದೇ ನಾವು ತಿಳಿದಿದ್ದೆವು. ದಿನಾ ಬೆಳಿಗ್ಗೆ ಯೂನಿಫಾರಂ ಹಾಕಿ, ಜಡೆ ಹಾಕಿಸಿಕೊಂಡು, ಸ್ಕೂಲ್ ಬ್ಯಾಗಿನಲ್ಲಿ ಖಾಲಿ ಚೀಲ ಮಡಚಿಟ್ಟುಕೊಂಡು ಹೋಗುತ್ತಿದ್ದಳು. ನಮ್ಮೂರ ಹೊಲಗಳು ಮುಗಿದು ಪಕ್ಕದೂರಿನ ಹೊಲಕ್ಕೆ ಇಳಿದಿದ್ದಳು. ಟೀಚರ್ ಬೈಯಲಿಲ್ಲ. ಹಿಂಗೆ ಶಾಲೆ ಬಿಟ್ಟ ಹೆಣ್ಣುಮಕ್ಕಳು ತಿರುಗಿ ಬಂದದ್ದು ನಾನು ನೋಡಿಲ್ಲ ಅಜ್ಜಿ ಎಂದರು. ಒಮ್ಮೆ ತಲೆ ಎತ್ತಿ ಒಡೆದ ಹೆಂಚು ನೋಡಿದರು. ಹೋದರು.

ಸಂಜೆ ಹುಡುಗಿ ಬಂದಳು. ಕೈ ಹಿಡಿದು ನೋಡಿದೆ. ಜೋಳದ ಗರಿ ಕೊಯ್ದು ಅಂಗೈ ತುಂಬ ಗೀರು. ಪೆನ್ನು ಹಿಡಿಯುವ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಯಾಕೆ ಹಿಂಗೆ ಮಾಡಿದೆ ಎಂದೆ. ಮನೆಯಲ್ಲಿ ದುಡ್ಡಿಲ್ಲವಲ್ಲ ಎಂದಳು. ಬ್ಯಾಂಕಿನಲ್ಲಿ ಇದೆಯಲ್ಲೇ ಎಂದೆ. ಅವಳು ಗೂಡಿನ ಕಡೆ ನೋಡಿದಳು.

"ಅದು ಅಪ್ಪಂದು. ಖರ್ಚು ಮಾಡಿದ್ರೆ ಖಾಲಿ ಆಗ್ತೈತೆ. ಆಮೇಲೆ ಅಪ್ಪಂದು ಅಂತ ಏನೂ ಇರಲ್ಲ."

ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಬಂದದ್ದನ್ನು ಹೇಳಿದೆ. "ನಿಮ್ಮಪ್ಪ ಬ್ಯಾಂಕಿನಾಗೆ ಇಲ್ಲವ್ವ. ಸತ್ತಾನೆ. ಮಣ್ಣು ಮಾಡಿ ಬಂದೀವಿ. ದುಡ್ಡು ಇಟ್ರೂ ಅವನು ಬರಲ್ಲ, ತೆಗೆದ್ರೂ ಅವನು ಹೋಗಲ್ಲ. ಅದು ಐತಲ್ಲ, ನೀನು ಉಣ್ಣಾಕೆ, ಓದಾಕೆ ಇರಾದು."

ಹುಡುಗಿ ಅಳಲಿಲ್ಲ. ಸುಮ್ಮನೆ ಬೆರಳಿನ ಬಟ್ಟೆ ಬಿಚ್ಚಿ ಸುತ್ತುತ್ತಿದ್ದಳು. ಆಗ ಒಲೆಯ ಮುಂದಿನಿಂದ ಮಂಜುಳ ಮಾತಾಡಿದಳು. ಈ ಮನೆಗೆ ಬಂದಾಗಿನಿಂದ ನನಗೆ ಎದುರಾಡಿದವಳಲ್ಲ.

"ಹೇಳಾದು ಸಲೀಸು ಅತ್ತೆ. ನಿಮ್ಮ ಪಾಲು ನೀವು ಮುಟ್ಟೀರಾ? ಕನ್ನಡಕ ಒಡೆದು ಎಷ್ಟು ದಿನ ಆತು? ಹೆತ್ತೋರು ನೀವೇ ಮುಟ್ಟಿಲ್ಲ ಅಂದ್ಮೇಲೆ ನಾನು ಹೆಂಗೆ ಮುಟ್ಟಲಿ? ಅದು ಕೂಸು, ಅದು ಹೆಂಗೆ ಮುಟ್ಟುತ್ತೆ?"

ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಒಂಟಿ ಗಾಜಿನ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಮಗನ ದುಡ್ಡು ಉಣ್ಣುವುದು ನನಗೇನು ಹೊಸದಲ್ಲ. ಅವನು ತಂದು ಕೈಗಿಟ್ಟಾಗ ಉಣ್ಣುತ್ತಿದ್ದೆ. ತರುವುದು ತಡವಾದರೆ ಬೈಯುತ್ತಿದ್ದೆ. ಆದರೆ ಇದು ಅವನು ಕೈಗಿಟ್ಟದ್ದಲ್ಲ. ಇದನ್ನು ಉಂಡರೆ ಲೆಕ್ಕ ಚುಕ್ತಾ ಆಯಿತು ಎಂದು ಒಪ್ಪಿಕೊಂಡ ಹಂಗೆ. ಲಾರಿಯವನಿಗೆ, ಕೋರ್ಟಿಗೆ, ದೇವರಿಗೆ, ನೀವು ಕೊಟ್ಟಿರಿ, ನಾನು ಇಸಿದುಕೊಂಡೆ, ಇನ್ನೇನೂ ಬಾಕಿ ಇಲ್ಲ ಎಂದು ಹೇಳಿದ ಹಂಗೆ. ಯಾವ ತಾಯಿ ಹೇಳುತ್ತಾಳೆ?

ಹೇಳದಿದ್ದರೆ ಹುಡುಗಿ ಶಾಲೆ ಬಿಡುತ್ತಾಳೆ. ಈ ಸುಗ್ಗಿಗೆ ಹಕ್ಕಲು, ಮುಂದಿನ ಸುಗ್ಗಿಗೆ ತಾಯಿಯ ಪಕ್ಕದಲ್ಲಿ ಕತ್ತಿ ಹಿಡಿದು ಅಡಿಕೆ ಸುಲಿಯುತ್ತಾಳೆ. ಬ್ಯಾಂಕಿನ ದುಡ್ಡು ಬಡ್ಡಿ ಸೇರಿಸಿಕೊಂಡು ಬೆಳೆಯುತ್ತದೆ. ಊರು ಹೊಗಳುತ್ತದೆ.

ಹೊನ್ನಾಳಿಯ ತಾಯಿ, ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಇರುವುದು ಇಷ್ಟೇ. ನಿನ್ನ ಮಗ ಕಂಡದ್ದೆಲ್ಲ ಬೇಕು ಅನ್ನುತ್ತಾನಾ? ಅನ್ನಲಿ. ಆಗುವು‌ದಿಲ್ಲ ಅನ್ನು, ನೆಲಕ್ಕೆ ಬಿದ್ದು ಅಳಲಿ, ಎದ್ದು ಬಂದು ಉಣ್ಣುತ್ತಾನೆ. ನಾನು ಏನೂ ಬೇಡ ಎನ್ನುವ ಮಗುವನ್ನು ನೋಡಿದ್ದೇನೆ. ಅಂಥ ಮಗು ನಿನ್ನ ಮನೆಯಲ್ಲಿದ್ದರೆ ಹೊಗಳುತ್ತ ಕೂರಬೇಡ. ಮನೆಯಲ್ಲಿ ಏನು ಕೆಟ್ಟಿದೆ ಹುಡುಕು.

ಮರುದಿನ ಬೆಳಿಗ್ಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ತ್ಯಾವಣಿಗೆ ಬಸ್ಸು ಹತ್ತಿದೆ. ಸಿಂಚನಳಿಗೆ ಯೂನಿಫಾರಂ ಹಾಕಿಸಿದ್ದೆ. ಶಾಲೆಗೆ ಲೇಟಾಗುತ್ತೆ ಎಂದಳು. ಎರಡು ವಾರ ಲೇಟಾಗಿದ್ದೀಯ, ಇನ್ನೊಂದು ತಾಸು ಆಗಲಿ ಎಂದೆ. ಬ್ಯಾಂಕು ಬಾಗಿಲು ತೆಗೆಯುವುದನ್ನೇ ಕಾದಿದ್ದು, ಸಹಿ ಹಾಕಿ, ನನ್ನ ಪಾಲಿನಿಂದ ದುಡ್ಡು ತೆಗೆದೆ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಪಡ್ಡು ಇನ್ನೂ ಬಿಸಿ ಇತ್ತು. ಮೂರು ಪ್ಲೇಟ್ ಹೇಳಿದೆ.

ಮನು ತಟ್ಟೆ ಬಂದ ಕೂಡಲೇ ಚಟ್ನಿಗೆ ಕೈ ಹಾಕಿದ. ಅವನಿಗೆ ಅಪ್ಪನ ನೆನಪೇ ಇಲ್ಲ. ಸಿಂಚನ ತಟ್ಟೆ ಮುಟ್ಟಲಿಲ್ಲ.

"ಇದು ಆ ದುಡ್ಡಾ ಅಜ್ಜಿ?"

"ಹೂಂ. ಅದೇ."

ಒಂದು ಪಡ್ಡು ಬಾಯಿಗೆ ಹಾಕಿಕೊಂಡೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ನಿಮಗೆಲ್ಲ ಹಿಡಿಸುತ್ತದೆ. ಇಳಿಯಿತು. ಹಸಿದಿದ್ದೆ. ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಎರಡನೆಯದು ಹಾಕಿಕೊಂಡೆ. ಅವಳು ನೋಡಲಿ ಎಂದೇ ನಿಧಾನವಾಗಿ ಅಗಿದೆ. ನನ್ನ ತಟ್ಟೆ ಖಾಲಿಯಾದ ಮೇಲೆ ಅವಳು ತನ್ನದರಲ್ಲಿ ಒಂದನ್ನು ಮುರಿದು, ಊದಿ, ಬಾಯಿಗಿಟ್ಟಳು. ಆಗ ಅತ್ತಳು. ಅಳುತ್ತಲೇ ತಿಂದಳು. ನಾನು ಸುಮ್ಮನಿರು ಎನ್ನಲಿಲ್ಲ.

ಅವಳಿಗೆ ಇನ್ನೊಂದು ಪ್ಲೇಟ್ ಹೇಳಿದೆ.