ಅಮೆರಿಕದ ತೆರಿಗೆಯೂ ಹಮೀದಾಕನ ಪೆನ್ಸಿಲ್ಲೂ

ನನಗೆ ಲಕೋಟೆಗಳೆಂದರೆ ಹೆದರಿಕೆ. ಹಲ್ಲಿಗೆ, ಜಿರಳೆಗೆ ಹೆದರುವವರನ್ನು ಲೋಕ ಕ್ಷಮಿಸುತ್ತದೆ. ಐವತ್ತರ ಹತ್ತಿರ ಬಂದ ವಿಜ್ಞಾನದ ಟೀಚರೊಬ್ಬಳು ಉದ್ದನೆಯ ಬಿಳಿ ಲಕೋಟೆಗೆ ಹೆದರುತ್ತಾಳೆಂದರೆ ನಗುತ್ತದೆ. ನಗಲಿ. ಅದು ಅಮೆರಿಕದ ತೆರಿಗೆ ಇಲಾಖೆಯಿಂದ ಬಂದದ್ದೆಂದು ತಿಳಿದರೆ ನೀವೂ ಸ್ವಲ್ಪ ಸರಿದು ಕೂರುವಿರಿ.

ಅಬುಧಾಬಿಗೆ ಬಂದು ಇಪ್ಪತ್ತು ವರ್ಷವಾಯಿತು. ಇಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ, ಊರಿನಲ್ಲಿ ನನಗೆ ಆದಾಯವಿಲ್ಲ. ಹೀಗೆ ತೆರಿಗೆಯ ಗಾಳಿಯೂ ಸೋಕದ ನಾನು, ಶಿಕ್ಷಕರ ವಿನಿಮಯ ವೀಸಾದ ಮೇಲೆ ಅಮೆರಿಕದ ಶಾಲೆಯೊಂದರಲ್ಲಿ ಕೆಲವು ತಿಂಗಳು ಪಾಠ ಮಾಡಿ ಬಂದೆ. ವಾಪಸಾಗುವಾಗ ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯಲಿಲ್ಲ. ಗಲ್ಫಿನಲ್ಲಿ ಬದುಕಿದವರಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇರೆ ಬೇಡ. ಇಲ್ಲಿಂದ ಹೊರಡುವವನ ವೀಸಾ ಕ್ಯಾನ್ಸಲ್ ಆಗಬೇಕು, ಕರೆಂಟು ಬಿಲ್ಲು ಚುಕ್ತಾ ಆಗಬೇಕು. ಏನಾದರೂ ಉಳಿದಿದ್ದರೆ ವಿಮಾನ ಹತ್ತುವ ಮೊದಲೇ ಗೊತ್ತಾಗುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಅಮೆರಿಕದವರು ಸುಮ್ಮನೆ ಬಿಟ್ಟರಲ್ಲ, ಹಾಗಾದರೆ ಖಲಾಸ್ ಎಂದುಕೊಂಡೆ.

ಖಲಾಸ್ ಆಗಿರಲಿಲ್ಲ. ಅದೇ ಶಾಲೆ ಮತ್ತೊಮ್ಮೆ ಬನ್ನಿ ಎಂದು ಬರೆಯಿತು. ಅಲ್ಲಿನ ಮಕ್ಕಳ ಜೊತೆ ಶುರು ಮಾಡಿದ ಕೆರೆ ನೀರಿನ ಪರೀಕ್ಷೆ ಅರ್ಧಕ್ಕೆ ನಿಂತಿತ್ತು. ಮುಗಿಸಲು ಬಂದೇ ಬರುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ಖುಷಿ ಪತ್ರದ ಕೊನೆಯ ಸಾಲಿನವರೆಗೆ ಇತ್ತು. ಹಿಂದಿನ ಸಲದ ಸಂಬಳಕ್ಕೆ ಅನಿವಾಸಿಯಾಗಿ ತೆರಿಗೆ ಲೆಕ್ಕವನ್ನು ಏಪ್ರಿಲ್ ನಡುವಿನೊಳಗೆ ಸಲ್ಲಿಸಿಬಿಡಿ, ಇಲ್ಲದಿದ್ದರೆ ಮುಂದೆ ವೀಸಾಕ್ಕೆ ತೊಡಕಾದೀತು ಎಂದಿತ್ತು. ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಇಲ್ಲಿ ನಾವು ನಮ್ಮ ಫಾರ್ಮನ್ನು ನಾವೇ ತುಂಬುವವರಲ್ಲ. ಅದಕ್ಕೆ ಟೈಪಿಂಗ್ ಸೆಂಟರುಗಳಿವೆ. ಎಲೆಕ್ಟ್ರಾ ಸ್ಟ್ರೀಟಿನ ಒಂದು ಸೆಂಟರಿನಲ್ಲಿ ಬಂಟ್ವಾಳದ ಕಡೆಯ ಹಮೀದಾಕ ಕೂರುತ್ತಾರೆ. ನನ್ನ ವೀಸಾ, ಮಗಳ ವೀಸಾ, ಎಲ್ಲವನ್ನೂ ಅರಬಿಯಲ್ಲಿ ಹೊಡೆದು, ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಇಂಟು ಮಾರ್ಕ್ ಹಾಕಿ ಮುಂದೆ ಸರಿಸುತ್ತಾರೆ. ನಾನು ಓದುವುದೂ ಇಲ್ಲ, ಮಾರ್ಕ್ ಇದ್ದಲ್ಲಿ ಸಹಿ ಹಾಕುತ್ತೇನೆ. ಅಮೆರಿಕದ ತೆರಿಗೆ ಫಾರ್ಮನ್ನೂ ಅವರ ಮುಂದೆಯೇ ಇಟ್ಟೆ. ಕನ್ನಡಕ ಏರಿಸಿ ನೋಡಿದವರು ಹಿಂದಕ್ಕೆ ಕೊಟ್ಟುಬಿಟ್ಟರು.

“ಇದು ನಮ್ಮಿಂದ ಆಗುವುದಲ್ಲ ಟೀಚರೇ. ಇಲ್ಲಿಯದ್ದು ಎಂತ ಬೇಕಾದರೂ ಕೊಡಿ, ಮಾಡಿಕೊಡ್ತೇನೆ. ಅಮೆರಿಕದ್ದು ನಾನು ಹೊಡೆದು ತಪ್ಪಿದರೆ ನಿಮಗೆ ತೊಂದರೆ ಅಲ್ವಾ?”

ಹಳೆಯ ಕಾಲದಲ್ಲಿ ಗಾಣಕ್ಕೆ, ಮಗ್ಗಕ್ಕೆ, ಮದುವೆಗೂ ಸುಂಕವಿತ್ತೆಂದು ಶಾಸನಗಳು ಹೇಳುತ್ತವಂತೆ. ಆದರೂ ಆಗ ಹೆದರುವವರಿಗೆ ಒಂದು ಅನುಕೂಲವಿತ್ತು: ಸುಂಕದವನು ಕಟ್ಟೆಯ ಮೇಲೆ ಕಣ್ಣಿಗೆ ಕಾಣುವಂತೆ ಕೂತಿರುತ್ತಿದ್ದ, ಅವನ ಮುಖ ನೋಡಿ ಸಿಟ್ಟು ಎಷ್ಟೆಂದು ತಿಳಿಯಬಹುದಿತ್ತು. ಕೊನೆಗೆ ನಾನೇ ಫಾರ್ಮು ತುಂಬಲು ಕೂತರೆ, ನನ್ನ ಸುಂಕದವನಿಗೆ ಮುಖವೇ ಇರಲಿಲ್ಲ, ಬರೀ ಚೌಕಗಳಿದ್ದವು. ನೀನು ಯಾವ ದಿನ ಬಂದೆ, ಯಾವ ದಿನ ಹೋದೆ, ಎಲ್ಲಿಯವಳು? ಊರಿಗೆ ನಾನು ಅನಿವಾಸಿ, ಅಮೆರಿಕಕ್ಕೂ ಅನಿವಾಸಿ; ಈ ಊರಿಗೆ ಮಾತ್ರ ನಿವಾಸಿ, ಅದೂ ಕಾರ್ಡಿನ ಅವಧಿ ಮುಗಿಯುವವರೆಗೆ. ಬರೆಯುವಾಗ ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತಿತ್ತು. ಒಂದೊಂದು ಸಂಖ್ಯೆಯನ್ನು ಏಳು ಸಲ ನೋಡಿದೆ.

“ಎಂತ ಮಾರಾಯ್ತಿ, ಕೊಲೆ ಮಾಡಿ ಬಂದವರ ಹಾಗೆ ಕೂತಿದ್ದೀ?” ಎಂದರು ನಮ್ಮವರು. ಅವರಿಗೇನು, ಅವರು ಅಮೆರಿಕ ನೋಡಿದ್ದು ಟಿವಿಯಲ್ಲಿ.

ಅಂಚೆಗೆ ಹಾಕಿದ ಮೇಲೆ ಹೆದರಿಕೆ ಕಮ್ಮಿಯಾಗಬೇಕಿತ್ತು, ಹೆಚ್ಚಾಯಿತು. ಕೆಲವು ವಾರಗಳ ನಂತರ ನಮ್ಮ ಶಾಲೆಯ ಪೋಸ್ಟ್ ಬಾಕ್ಸಿಗೆ ಆ ಲಕೋಟೆ ಬಂತು. ಎರಡು ದಿನ ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಅಕ್ಕಿ ತೆಗೆಯುವಾಗೆಲ್ಲ ವೀಸಾ ಹೋಯಿತು, ಮಕ್ಕಳಿಗೆ ಕೊಟ್ಟ ಮಾತೂ ಹೋಯಿತು ಎಂದುಕೊಳ್ಳುತ್ತಿದ್ದೆ. ಮೂರನೆಯ ದಿನ ನಮ್ಮವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಡೆದೆ.

ನಾನು ಸಹಿಯನ್ನೇ ಹಾಕಿರಲಿಲ್ಲ. ಜೊತೆಗಿಟ್ಟ ಹಾಳೆಯಲ್ಲಿ ಸಹಿ ಮಾಡಿ ವಾಪಸ್ ಕಳಿಸಿ, ಅಷ್ಟೇ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು. ಇಪ್ಪತ್ತು ವರ್ಷ ಇಂಟು ಮಾರ್ಕ್ ನೋಡಿ ನಿಂತ ಕೈ, ಮಾರ್ಕ್ ಇಲ್ಲದ ಸಾಲಿನಲ್ಲಿ ನಿಲ್ಲದೆ ಮುಂದೆ ಹೋಗಿತ್ತು.

ಮನೆಯಲ್ಲೇ ಸಹಿ ಮಾಡಬಹುದಿತ್ತು. ಧೈರ್ಯ ಬರಲಿಲ್ಲ. ಹಾಳೆ ಹಿಡಿದು ಎಲೆಕ್ಟ್ರಾ ಸ್ಟ್ರೀಟಿಗೆ ಹೋದೆ. ಹಮೀದಾಕ ಎಲ್ಲ ಕೇಳಿ, ನಗದೆ, ಪೆನ್ಸಿಲ್ ತೆಗೆದು ಗೆರೆಯ ಮೇಲೆ ಮಾರ್ಕ್ ಹಾಕಿದರು. ನಾನು ಸಹಿ ಹಾಕಿದೆ. ಅವರು ಮೇಜಿನ ಡ್ರಾಯರಿನಿಂದ ರಬ್ಬರ್ ತೆಗೆದು ಮಾರ್ಕನ್ನು ಮೆತ್ತಗೆ ಉಜ್ಜಿ, ಪುಡಿಯನ್ನು ಊದಿದರು.

“ಈಗ ನೋಡಿ ಟೀಚರೇ, ನೀವೇ ಹುಡುಕಿ ಹಾಕಿದ ಹಾಗೆ ಉಂಟು.”