ಕೈ ಮೂಸುವ ಕೆಲಸ

ಮುಳಬಾಗಿಲಿನಿಂದ ತಾಯಲೂರಿಗೆ ಹೊರಟ ಬಸ್ಸಿನಲ್ಲಿ ಮೊನ್ನೆ ನನ್ನ ಪಕ್ಕ ಕೂತ ಹೆಂಗಸು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದಳು. ಹೊಗೆಸೊಪ್ಪಿನ ಘಾಟು ಬಂದಿದ್ದೇ ತಡ, ನನ್ನ ಮೂಗು ತಾನಾಗಿಯೇ ಅವಳ ಕೈಯ ಕಡೆ ತಿರುಗಿತು. ನೀವು ತಪ್ಪು ತಿಳಿಯಬಾರದು. ಒಂದು ಕಾಲದಲ್ಲಿ ಕೈ ಮೂಸುವುದೇ ನನ್ನ ಕೆಲಸವಾಗಿತ್ತು.

ಹೈಸ್ಕೂಲು ಓದುವಾಗ ನಾನು ತಾಯಲೂರಿನ ಅಜ್ಜಿಯ ಮನೆಯಲ್ಲಿದ್ದೆ. ಅಲ್ಲಿದ್ದವರು ಅಜ್ಜಿ, ಮಾವ, ಅತ್ತೆ, ಆಮೇಲೆ ರೇಷ್ಮೆ ಹುಳುಗಳು. ಮರ್ಯಾದೆಯಲ್ಲಿ ಹುಳುಗಳೇ ಮೊದಲು, ನಾನು ಕೊನೆ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಹುಳುಗಳು ತಲೆ ಒದರಿ, ಕಕ್ಕಿಕೊಂಡು ಸಾಯುತ್ತವೆ. ರೇಷ್ಮೆ ಸಾಕುವವರಿಗೆಲ್ಲ ಇದು ಗೊತ್ತು. ನಮ್ಮತ್ತೆಗೂ ಗೊತ್ತಿತ್ತು. ಆದರೆ ರಾಯಲ್ಪಾಡಿನಿಂದ ಸೊಸೆಯಾಗಿ ಬರುವಾಗಲೇ ಅವಳಿಗೆ ಹೊಗೆಸೊಪ್ಪಿನ ಚಟ ಅಂಟಿತ್ತು.

ಹುಳು ಸಾಕುವುದರಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಬಾಗಿಲಲ್ಲಿ ನಿಂತು ಹುಳು ಮೇಯುವ ಸದ್ದು ಕೇಳಿಯೇ ಸೊಪ್ಪು ಸಾಲದು ಎನ್ನುತ್ತಿದ್ದಳು. ಅಂಥವಳು ಒಂದು ದಿನ ಕೈ ತೊಳೆಯಲು ಮರೆತು ಒಳಗೆ ಹೋದಳು. ಎರಡು ತಟ್ಟೆ ಹುಳು ಸತ್ತವು. ಅಜ್ಜಿ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು. "ಒಂದು ಬೆಳೆ ಪೂರಾ ನಿನ್ ಕೈ ವಾಸ್ನೆ ಬರ್ಬಾರ್ದು. ಆಮೇಲೆ ಒಳಗೆ ಬಾ."

ಒಂದು ಬೆಳೆಯೆಂದರೆ ಹೆಚ್ಚುಕಡಿಮೆ ಒಂದು ತಿಂಗಳು. ದಿನಾ ಸಂಜೆ ಅತ್ತೆಯ ಕೈ ಮೂಸುವ ಕೆಲಸ ನನ್ನ ಪಾಲಿಗೆ ಬಂತು. ವಾಸನೆ ಬಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಕತ್ತರಿ ಗುರುತು. ಪೊಲೀಸ್ ಕೆಲಸ ಸಿಕ್ಕಷ್ಟು ಜಂಬ ನನಗೆ. ಅದೇ ಕ್ಯಾಲೆಂಡರಿನಲ್ಲಿ ಅತ್ತೆ ಹೊರಗಾದ ದಿನಗಳಿಗೆ ಅಜ್ಜಿ ಸುತ್ತು ಹಾಕುತ್ತಿದ್ದಳು. ಆ ದಿನಗಳಲ್ಲೂ ಹೆಂಗಸರಿಗೆ ಹುಳುಮನೆಯ ಬಾಗಿಲು ಮುಚ್ಚಿರುತ್ತಿತ್ತು.

ಆ ಯುಗಾದಿಗೆ ಮಾವ ಬೀಡಿ ಬಿಟ್ಟ, ಅತ್ತೆ ಹೊಗೆಸೊಪ್ಪು ಬಿಟ್ಟಳು. ಮಾವ ಒಂದು ವಾರ ಎಲ್ಲರ ಮೇಲೂ ರೇಗಿ ಗೆದ್ದುಬಿಟ್ಟ. ಅತ್ತೆ ಹಬ್ಬದ ನಾಲ್ಕನೆಯ ದಿನಕ್ಕೇ ಸೋತಳು. ಮತ್ತೆ ಬಿಟ್ಟಳು, ಮತ್ತೆ ಸೋತಳು.

"ನಾನ್ ಬಿಡ್ಲಿಲ್ವಾ? ಮನ್ಸು ಗಟ್ಟಿ ಇರ್ಬೇಕು ಕಣೇ," ಎಂದು ಮಾವ ನಾಲ್ಕನೆಯ ಲೋಟ ಕಾಫಿ ಕೈಯಲ್ಲಿ ಹಿಡಿದು ಹೇಳುತ್ತಿದ್ದ.

ಅತ್ತೆ ನನ್ನೊಬ್ಬಳ ಹತ್ತಿರ ಹೇಳಿಕೊಂಡಳು. "ಇಪ್ಪತ್ ದಿನ ಅದ್ರ ಗ್ಯಾನಾನೇ ಬರಲ್ಲ ಕಣಮ್ಮಾ. ಆಮೇಲೆ ಒಂದಿನ ಯಾರೋ ಒಳಗಿಂದ ಜಗ್ಗಿದಂಗಾಗುತ್ತೆ. ದೇವುಡಾ, ನಾನ್ಯಾಕಿಂಗೆ?" ಅಷ್ಟು ಕೇಳಿಯೂ ನಾನು ಅವತ್ತಿನ ಕತ್ತರಿ ಗುರುತು ಹಾಕುವುದನ್ನು ಬಿಡಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬಾಯಿ ಹುಣ್ಣಾಗಿ ಅವಳು ಮುಳಬಾಗಿಲಿನ ಡಾಕ್ಟರಮ್ಮನ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಅವರು ಬೈಯಲಿಲ್ಲ. "ಹೊರಗಾಗೋಕ್ ಮುಂಚೆ ಆಸೆ ಜಾಸ್ತಿ ಆಗುತ್ತಾ?" ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದಳು.

"ಹೆಂಗಸರ ಮೈಯಲ್ಲಿ ಹಾರ್ಮೋನು ತಿಂಗಳು ಪೂರ್ತಿ ಏರ್ತಾ ಇಳೀತಾ ಇರುತ್ತಮ್ಮ. ಎಲ್ಲರಿಗೂ ಒಂದೇ ಥರ ಅಲ್ಲ. ಕೆಲವರಿಗೆ ಅದು ಇಳಿಯೋ ದಿನಗಳಲ್ಲಿ ಸಿಟ್ಟು, ಸಂಕಟ, ಚಟದ ಸೆಳೆತ ಎಲ್ಲ ಒಟ್ಟಿಗೆ ಬರುತ್ತೆ. ನಿಮ್ಮ ಯಜಮಾನರಿಗೆ ಈ ಏರಿಳಿತ ಇಲ್ಲ. ಅವರ ಲೆಕ್ಕದಲ್ಲಿ ನೀವ್ ಬಿಡಬೇಡಿ, ನಿಮ್ಮ ಲೆಕ್ಕದಲ್ಲಿ ಬಿಡಿ."

ಮನೆಗೆ ಬಂದವರೇ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ತಿಂಗಳು ತಿಂಗಳು ತಿರುವಿದೆವು. ಅವಳು ಬಿಟ್ಟು ಮತ್ತೆ ಸೋತಾಗ ಬಿದ್ದ ಮೊದಲ ಕತ್ತರಿ ಪ್ರತಿ ಸಲವೂ ಅಜ್ಜಿಯ ಸುತ್ತಿಗಿಂತ ಮೂರು ನಾಲ್ಕು ದಿನ ಮೊದಲೇ ಇತ್ತು. ಯುಗಾದಿಯೂ ಆ ಸಲ ಅಂಥ ದಿನಗಳ ಬಾಯಿಗೇ ಬಿದ್ದಿತ್ತು. ಚಾಡಿ ಹೇಳಲು ಹಾಕಿದ ನನ್ನ ಗುರುತುಗಳೇ ಅತ್ತೆಯ ಪರ ಸಾಕ್ಷಿ ನುಡಿದವು. ಅವಳು ಕ್ಯಾಲೆಂಡರನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. "ಅಂಗಾದ್ರೆ ನನ್ ಮನ್ಸು ಕೆಟ್ಟಿಲ್ಲ ಅಲ್ವೇನೇ?"

ಅಜ್ಜಿ ಕ್ಯಾಲೆಂಡರನ್ನು ಕೈಗೆ ತೆಗೆದುಕೊಂಡು ತನ್ನ ಸುತ್ತುಗಳನ್ನು ನೋಡಿದಳು. ಆಮೇಲೆ ಹೊಗೆಸೊಪ್ಪು ಬಿಡಲು ಅವಳೇ ದಿನ ಗೊತ್ತು ಮಾಡಿದಳು, ಸುತ್ತು ಮುಗಿದ ಮಾರನೆಯ ದಿನ. ಕಷ್ಟದ ನಾಲ್ಕು ದಿನಗಳಿಗೆ ಲವಂಗ, ಹುರಿಗಡಲೆ ಅತ್ತೆಯ ಸೆರಗಿಗೆ ಕಟ್ಟಿದಳು. ಮಾವನಿಗೆ ಬಾಯಿ ಮುಚ್ಚಿಕೊಂಡು ಮುದ್ದೆ ತಿರುವಲು ಹೇಳಿದಳು. ಆ ಗಂಟುಗಂಟು ಮುದ್ದೆ ತಿಂದ ಪುಣ್ಯ ನನ್ನದೂ ಹೌದು. ಮೊದಲ ತಿಂಗಳು ಅತ್ತೆ ಒಂದೇ ದಿನ ಸೋತಳು. ಅಜ್ಜಿ ಅದಕ್ಕೇನೂ ಅನ್ನಲಿಲ್ಲ. ಮುಂದಿನ ತಿಂಗಳು ಒಂದೂ ಕತ್ತರಿ ಬೀಳಲಿಲ್ಲ. ಬೆಳೆ ಮುಗಿದ ಸಂಜೆ ನಾನು ಕೈ ಮೂಸಲು ಹೋದರೆ ಅಜ್ಜಿ ತಡೆದಳು. "ಸಾಕು ಬಿಡು," ಎಂದು ನನಗೆ ಹೇಳಿ, ಸೊಸೆಗೆ ಹುಳುಮನೆಯ ಬೀಗದ ಕೈ ಕೊಟ್ಟಳು.

ಬಸ್ಸಿನ ಹೆಂಗಸು ನನ್ನ ಮೂಗನ್ನು ಗಮನಿಸಿದಳು. "ಎಷ್ಟ್ ಸಲ ಬಿಟ್ಟೆ ಮೇಡಂ, ಆಗ್ಲಿಲ್ಲ," ಎಂದಳು. ಹಳೆಯ ಪೊಲೀಸಾಗಿದ್ದರೆ ಬುದ್ಧಿ ಹೇಳುತ್ತಿದ್ದೆನೇನೋ. "ತಿಂಗಳಲ್ಲಿ ಯಾವ್ ದಿನ ಸೋಲ್ತೀರಿ, ಗುರುತು ಹಾಕಿ ನೋಡಿದ್ದೀರಾ?" ಎಂದು ಕೇಳಿ ಅತ್ತೆಯ ಕಥೆ ಹೇಳಿದೆ. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು, ಬೆರಳು ಮಡಿಸಿ ದಿನಗಳನ್ನು ಎಣಿಸತೊಡಗಿದಳು. ತಾಯಲೂರಿನಲ್ಲಿ ನಾನು ಚೀಲವನ್ನು ಅವಳ ಮಡಿಲಿಗಿಟ್ಟು ಇಳಿಯುವಾಗಲೂ ಎಣಿಸುತ್ತಲೇ ಇದ್ದಳು.

ಅತ್ತೆ ಹುಳುಮನೆಯ ಬಾಗಿಲಲ್ಲೇ ನಿಂತಿದ್ದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ, ಕೈ ಸಾಲದೆಂದು ನನ್ನನ್ನು ಕರೆಸಿದ್ದಳು. "ಕೈ ತಾ," ಎಂದು ಮೂಸಿದಳು. ಹುಬ್ಬು ಮೇಲೇರಿತು. "ಏನೇ ಇದು? ನಡಿ, ಸೋಪ್ ಹಾಕಿ ತೊಳ್ಕೊಂಡ್ ಬಾ!"

ಎರಡು ಸಲ ವಾಪಸು ಕಳಿಸಿದಳು. ಮೂರನೆಯ ಸಲ ನನ್ನ ಒದ್ದೆ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿ ಒಳಗೆ ಕರೆದುಕೊಂಡಳು.